'ಸಾರಿ'ಗೆ ಚೀನೀ ಭಾಷೆಯಲ್ಲಿ ಏನಂತಾರೆ?

(ಅನುವಾದದಲ್ಲಿ ಆಸಕ್ತಿ ಇರುವವರ ಒಂದು ಸಭೆಯಲ್ಲಿ ಮಾಡಿದ ಉಪನ್ಯಾಸವನ್ನು ಇಲ್ಲಿ ಬರಹಕ್ಕಿಳಿಸಿದ್ದೇನೆ. ಚೀನೀ ಭಾಷೆ ಎಂದಾಗಲೆಲ್ಲ ನಾನು ಹೇಳುತ್ತಿರುವುದು ಮ್ಯಾಂಡರಿನ್ ಬಗ್ಗೆ. ಅದರ ದನಿಯ ಏರಿಳಿತವನ್ನು ಕನ್ನಡ ಲಿಪಿಯಲ್ಲಿ ತೋರಿಸಲು ಬರುವುದಿಲ್ಲ, ಹಾಗಾಗಿ ಉಚ್ಚಾರಣೆ ಹತ್ತಿರ ಹತ್ತಿರದ್ದು ಎಂದು ತಿಳಿಯಿರಿ.)

ಎಲ್ಲರಿಗೂ ನಮಸ್ಕಾರ.

2001ರ ಏಪ್ರಿಲ್ 1ರಂದು ದಕ್ಷಿಣ ಚೀನಾ ಸಮುದ್ರದ ಮೇಲೆ ಅಮೆರಿಕದ ಒಂದು ಬೇಹುಗಾರಿಕೆ ವಿಮಾನಕ್ಕೂ ಚೀನಾದ ಒಂದು ಯುದ್ಧವಿಮಾನಕ್ಕೂ ಡಿಕ್ಕಿಯಾಯಿತು. ಚೀನಾದ ಪೈಲಟ್ ವಾಂಗ್ ವೇಯ್ ತೀರಿಕೊಂಡರು. ಪೆಟ್ಟು ತಿಂದ ಅಮೆರಿಕದ ವಿಮಾನ ಅನುಮತಿ ಸಿಗುವ ಮುಂಚೆಯೇ ಹೈನಾನ್ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ 24 ಮಂದಿಯನ್ನು ಚೀನಾ ಹನ್ನೊಂದು ದಿನ ಬಿಡಲಿಲ್ಲ. ಅಮೆರಿಕ ಕ್ಷಮೆ ಕೇಳಬೇಕು ಅಂತ ಚೀನಾ ಪಟ್ಟು ಹಿಡಿಯಿತು. ತಪ್ಪು ನಮ್ಮದಲ್ಲ, ಕ್ಷಮೆ ಕೇಳುವ ಮಾತೇ ಇಲ್ಲ ಅಂತ ಅಮೆರಿಕ ಕೂತಿತು.

ಕೊನೆಗೆ ಏಪ್ರಿಲ್ 11ರಂದು ಅಮೆರಿಕದ ರಾಯಭಾರಿ ಚೀನಾದ ವಿದೇಶಾಂಗ ಸಚಿವರಿಗೆ ಒಂದು ಪತ್ರ ಕೊಟ್ಟರು. ಅದರಲ್ಲಿ 'ವೆರಿ ಸಾರಿ' ಎಂಬ ಮಾತು ಎರಡು ಸಲ ಬರುತ್ತದೆ. ಪೈಲಟ್ಟಿನ ಮನೆಯವರಿಗೆ ಆದ ನಷ್ಟಕ್ಕೆ ಒಂದು ಸಲ, ಮೌಖಿಕ ಅನುಮತಿ ಇಲ್ಲದೆ ಒಳಬಂದು ಇಳಿದದ್ದಕ್ಕೆ ಇನ್ನೊಂದು ಸಲ. ಇಂಗ್ಲಿಷಿನಲ್ಲಿ 'ಸಾರಿ' ಅಂದರೆ ಕ್ಷಮೆಯೂ ಹೌದು, ಮರುಕವೂ ಹೌದು. ಸಾವಿನ ಮನೆಗೆ ಹೋದವರು 'ಸಾರಿ' ಅಂದರೆ ನಾನೇ ಸಾಯಿಸಿದೆ ಅಂತ ಯಾರೂ ಅರ್ಥ ಮಾಡುವುದಿಲ್ಲ. ಚೀನೀ ಭಾಷೆಯಲ್ಲಿ ಆ ಎರಡಕ್ಕೂ ಬೇರೆ ಬೇರೆ ಮಾತು. ಚೀನಾದವರು ಕೇಳಿದ್ದು 'ದಾವ್ ಛಿಯೆನ್', ಅಂದರೆ ತಪ್ಪೊಪ್ಪಿ ಕ್ಷಮೆ ಕೇಳುವುದು. ಅಲ್ಲಿನ ಪತ್ರಿಕೆಗಳಲ್ಲಿ ಬಂದದ್ದು 'ಷನ್ ಬ್ಯಾವ್ ಛಿಯೆನ್ ಇ', ಆಳವಾದ ಛಿಯೆನ್ ಇ, ಅಂದರೆ ವಿಷಾದದ ಭಾವ, ತೋರಿಸಿದ್ದಾರೆ ಎಂದು. ಇದು ದಾವ್ ಛಿಯೆನ್ ಅಲ್ಲ, ಆದರೆ ಅದೇ 'ಛಿಯೆನ್' ಅಕ್ಷರ ಇದರೊಳಗೂ ಇದೆ. ಚೀನೀ ಓದುಗ ಅದನ್ನು ಕ್ಷಮೆ ಅಂತ ಓದಿಕೊಂಡ. ಅಮೆರಿಕದ ಸರ್ಕಾರ ತನ್ನ ಜನಕ್ಕೆ, ಇದು ಕ್ಷಮೆ ಅಲ್ಲ ಅಂತ ಹೇಳಿತು. ಮರುದಿನ ವಿಮಾನದ ಸಿಬ್ಬಂದಿ ಊರಿಗೆ ಹೊರಟರು.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಕಷ್ಟದ ಪದಗಳಿಗೆ ನಿಘಂಟು ಇರುತ್ತದೆ, ತಜ್ಞರು ಇರುತ್ತಾರೆ. ಅನುವಾದಕನಿಗೆ ಹೆಚ್ಚು ಕಾಟ ಕೊಡುವುದು ದಿನಾ ಬಾಯಲ್ಲಿ ಓಡಾಡುವ ಸಣ್ಣ ಮಾತುಗಳು: ಸಾರಿ, ಪ್ಲೀಸ್, ಥ್ಯಾಂಕ್ಯೂ, ಎಸ್, ನೋ, ಅಂಕಲ್. ಇವತ್ತು ನಾನು ಮಾತಾಡುವುದು ಇವುಗಳ ಬಗ್ಗೆಯೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನ ದಿನಬಳಕೆಯ ಮಾತನ್ನು ಚೀನೀ ಭಾಷೆಗೆ ತರುವಾಗ ವಾಕ್ಯ ಹಿಡಿದುಕೊಂಡು ಹೊರಟರೆ ದಾರಿ ತಪ್ಪುತ್ತೇವೆ. ಅಲ್ಲಿ ಯಾರು ಯಾರಿಗೆ ಏನು ಮಾಡುತ್ತಿದ್ದಾರೆ ಅಂತ ನೋಡಬೇಕು. ಹಾಗೆ ನೋಡುವ ಅಭ್ಯಾಸಕ್ಕೆ ಕನ್ನಡ ಬಲ್ಲವರಿಗೆ ಒಂದು ಅನುಕೂಲ ಇದೆ. ಬಹಳ ಕಡೆ ನಮ್ಮ ಮಾತಿನ ರೂಢಿ ಇಂಗ್ಲಿಷಿಗಿಂತ ಚೀನೀ ಭಾಷೆಗೆ ಹತ್ತಿರ.

'ಸಾರಿ'ಯನ್ನೇ ಮುಗಿಸೋಣ. ಮೆಟ್ರೊದಲ್ಲಿ ಯಾರದೋ ಕಾಲು ತುಳಿದಿರಿ, ಫೋನಿನಲ್ಲಿ ಮಾತು ಕೇಳಿಸಲಿಲ್ಲ, ಸಭೆಗೆ ಐದು ನಿಮಿಷ ತಡವಾಯಿತು. ಇಲ್ಲೆಲ್ಲ 'ಬು ಹಾವ್ ಇಸ' ಸಾಕು. ಬಿಡಿಸಿ ನೋಡಿದರೆ ಮುಜುಗರ ಆಗ್ತಿದೆ ಅಂತ ಅರ್ಥ. 'ದುಯ್ ಬು ಛಿ' ಇದಕ್ಕಿಂತ ತೂಕದ್ದು. ನಿಮ್ಮ ಮುಂದೆ ಮುಖ ಎತ್ತಿ ನಿಲ್ಲಲಾರೆ ಎಂಬ ಭಾವ ಅದರೊಳಗಿದೆ. ನಿಜವಾಗಿ ಯಾರಿಗಾದರೂ ನೋವು ಮಾಡಿದ್ದರೆ ಅದು. 'ಬಾವ್ ಛಿಯೆನ್' ಕಚೇರಿ ಪತ್ರಕ್ಕೆ, ರೈಲು ತಡವಾದಾಗ ಬರುವ ಪ್ರಕಟಣೆಗೆ. ಸಾವಿನ ಮನೆಯಲ್ಲಿ ಈ ಮೂರರಲ್ಲಿ ಯಾವುದೂ ಅಲ್ಲ. ಅಲ್ಲಿ 'ಜಿಯೆ ಆಯ್', ದುಃಖ ತಡೆದುಕೊಳ್ಳಿ ಅನ್ನುತ್ತಾರೆ. ನಮ್ಮಲ್ಲಿ 'ಧೈರ್ಯ ತಂದ್ಕೊಳ್ಳಿ' ಅನ್ನುವ ಹಾಗೆ. ಜನರ ಮಧ್ಯೆ ದಾರಿ ಬೇಕಾದಾಗ ಇಂಗ್ಲಿಷಿನವರು 'ಎಕ್ಸ್‌ಕ್ಯೂಸ್ ಮಿ' ಅನ್ನುತ್ತಾರೆ. ಚೀನೀಯರು 'ರಾಂಗ್ ಇ ಶ್ಯಾ', ಸ್ವಲ್ಪ ಜಾಗ ಬಿಡಿ, ಅಂದುಕೊಂಡು ಮುಂದೆ ಹೋಗುತ್ತಾರೆ. ಅದರಲ್ಲಿ ಒರಟುತನ ಏನೂ ಇಲ್ಲ.

'ಹೌ ಆರ್ ಯು' ಅನ್ನುವುದಕ್ಕೆ ಪಠ್ಯಪುಸ್ತಕಗಳು 'ನಿ ಹಾವ್ ಮಾ' ಅಂತ ಕಲಿಸುತ್ತವೆ. ತಪ್ಪೇನಲ್ಲ, ಆದರೆ ದಿನಾ ನೋಡುವ ಪಕ್ಕದ ಮನೆಯವರಿಗೆ ಯಾರೂ ಹಾಗೆ ಕೇಳುವುದಿಲ್ಲ. ಕೇಳಿದರೆ, ಏನಾಯ್ತು ನನಗೆ ಅಂತ ಅವರೇ ಯೋಚಿಸಿಯಾರು. 'ಛಿ ಲ ಮಾ' ಅಂತ ಕೇಳುತ್ತಾರೆ. ಛಿ ಅಂದರೆ ತಿನ್ನು, ಲ ಅಂದರೆ ಆಯಿತು, ಮಾ ಅಂದರೆ ನಮ್ಮ ಪ್ರಶ್ನೆಯ 'ಆ'ಕಾರ. ಊಟ ಆಯ್ತಾ! ಇದನ್ನು ಕನ್ನಡದವರಿಗೆ ವಿವರಿಸಲು ಅರ್ಧ ನಿಮಿಷವೂ ಬೇಡ. 'ಎಲ್ಲಿಗೆ ಹೊರಟ್ರಿ' ಅನ್ನುವ ಮಾತೂ ಹಾಗೆಯೇ, 'ಛ್ಯು ನಾರ್'. ಇಂಗ್ಲಿಷಿನವರಿಗೆ ಇದು ತನಿಖೆ ಅನ್ನಿಸುತ್ತದೆ. ನಮಗೆ ಗೊತ್ತು, 'ಇಲ್ಲೇ, ಸ್ವಲ್ಪ ಕೆಲಸ ಇತ್ತು' ಅಂದರೆ ಉತ್ತರ ಮುಗಿಯಿತು. ದೊಡ್ಡ ನಗರಗಳ ಹುಡುಗರು ಈಗ ಊಟದ ಮಾತು ಕಡಿಮೆ ಮಾಡಿದ್ದಾರೆ. 'ಜ್ವೇಯ್ ಜಿನ್ ಜನ್ಮ ಯಾಂಗ್', ಇತ್ತೀಚೆಗೆ ಹೇಗಿದೆ ಅನ್ನುತ್ತಾರೆ, ಇಲ್ಲವೇ ಬರೀ 'ಹಾಯ್'.

ಬೀಳ್ಕೊಡುವಾಗಲೂ ಇದೇ ಕತೆ. 'ಹ್ಯಾವ್ ಎ ನೈಸ್ ಡೇ' ಅನ್ನುವುದನ್ನು ಅಕ್ಷರಕ್ಕೆ ಅಕ್ಷರ ಇಟ್ಟು ಚೀನೀ ಭಾಷೆಗೆ ತರಬಹುದು, ತಂದವರೂ ಇದ್ದಾರೆ. ಓದಿದ ಕೂಡಲೇ ಅದು ಬೇರೆಲ್ಲಿಂದಲೋ ಬಂದದ್ದು ಅಂತ ಗೊತ್ತಾಗುತ್ತದೆ. ಅಂಗಡಿಯವನು ಹೊರಟ ಗಿರಾಕಿಗೆ ಹೇಳುವುದು 'ಮಾನ್ ಜೌ', ನಿಧಾನವಾಗಿ ಹೋಗಿ. ಮನೆಗೆ ಬಂದವರು ಹೊರಟಾಗಲೂ ಅದೇ ಮಾತು. ಬಾಗಿಲ ಹೊರಗೂ ಕಳಿಸಲು ಬರುವ ಮನೆಯವರಿಗೆ ನೆಂಟರು 'ಲ್ಯೂ ಬು' ಅನ್ನುತ್ತಾರೆ. ಇಲ್ಲೇ ನಿಲ್ಲಿ, ಇನ್ನು ಬರಬೇಡಿ ಅಂತ. ಗೇಟಿನ ತನಕ ಬಂದು ಅಲ್ಲಿ ಇನ್ನೊಂದು ಸುತ್ತು ಮಾತಾಡುವ ನಮ್ಮ ಮನೆಗಳಲ್ಲಿ ಈ ದೃಶ್ಯ ಹೊಸದಲ್ಲ. ಹುಷಾರಿಲ್ಲ ಅಂದವರಿಗೆ 'ಗೆಟ್ ವೆಲ್ ಸೂನ್' ಬದಲು 'ದ್ವೊ ಹ ರ ಷ್ವೇಯ್', ಬಿಸಿನೀರು ಜಾಸ್ತಿ ಕುಡಿ, ಅನ್ನುತ್ತಾರೆ. ಮನೆಯ ಹಿರಿಯರು ಹೇಳಿದರೆ ಅದರಲ್ಲಿ ಅಕ್ಕರೆ ಪೂರ್ತಿ ಇರುತ್ತದೆ. ಗಂಡನಾದವನು ಬರೀ ಅಷ್ಟನ್ನೇ ಹೇಳಿ ಸುಮ್ಮನಾದರೆ ಹೆಂಡತಿಗೆ ಸಿಟ್ಟು ಬರುತ್ತದೆ ಅನ್ನುವುದೂ ಅಲ್ಲಿ ಪ್ರಸಿದ್ಧ. ಪರೀಕ್ಷೆಗೆ ಹೊರಟವರಿಗೆ, ಓಟದಲ್ಲಿ ಸುಸ್ತಾದವರಿಗೆ, ಆಸ್ಪತ್ರೆಯಲ್ಲಿ ಮಲಗಿದವರಿಗೆ, ಎಲ್ಲರಿಗೂ 'ಜ್ಯಾ ಯೌ'. ಎಣ್ಣೆ ಹಾಕು ಅಂತ ಪದದ ಅರ್ಥ. ಇಂಗ್ಲಿಷಿನಲ್ಲಿ 'ಗುಡ್ ಲಕ್', 'ಕಮ್ ಆನ್', 'ಹ್ಯಾಂಗ್ ಇನ್ ದೇರ್' ಅಂತ ಮೂರು ಕಡೆ ಮೂರು ಮಾತು ಬೇಕಾಗುವಲ್ಲಿ ಇದೊಂದೇ ನಡೆಯುತ್ತದೆ. ಹಾಂಗ್‌ಕಾಂಗ್ ಇಂಗ್ಲಿಷಿನಲ್ಲಿ ಇದೇ ಮಾತು 'ಆಡ್ ಆಯಿಲ್' ಆಗಿ, 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೂ ಸೇರಿತು.

ಈಗ 'ಪ್ಲೀಸ್'. ನಿಘಂಟು ತೆಗೆದರೆ 'ಛಿಂಗ್' ಅಂತ ಇದೆ. ಆದರೆ ಛಿಂಗ್ ಇರುವುದು ಆಹ್ವಾನ ಪತ್ರಿಕೆಯಲ್ಲಿ, 'ಛಿಂಗ್ ಜ್ವೊ', ದಯವಿಟ್ಟು ಕೂತ್ಕೊಳ್ಳಿ ಅನ್ನುವಲ್ಲಿ, ಧೂಮಪಾನ ಮಾಡಬಾರದು ಎಂಬ ಫಲಕದಲ್ಲಿ. ಸಹೋದ್ಯೋಗಿಗೆ ಪ್ರತಿ ಮಾತಿಗೂ ಛಿಂಗ್ ಹಾಕಿದರೆ ನೋಟೀಸು ಓದಿದ ಹಾಗೆ ಕೇಳಿಸುತ್ತದೆ. ಕೆಲಸ ಹೇಳುವಾಗ ಅವರು ಮಾಡುವುದು ಬೇರೆ. 'ಬಾಂಗ್ ವೊ ಖಾನ್ ಇ ಶ್ಯಾ'. ಬಾಂಗ್ ವೊ ಅಂದರೆ ನನಗೆ ಸಹಾಯವಾಗಿ, ಖಾನ್ ಅಂದರೆ ನೋಡು, ಇ ಶ್ಯಾ ಅಂದರೆ ಒಂದ್ಸಲ, ಒಂಚೂರು. ಕನ್ನಡದಲ್ಲಿ ಇದಕ್ಕೆ ಸರಿಸಾಟಿ ಮಾತು ಇದೆ: 'ಸ್ವಲ್ಪ ನೋಡಿಕೊಡಿ'. ಆ 'ಕೊಡಿ' ಏನು ಕೆಲಸ ಮಾಡುತ್ತಿದೆ ಅಂತ ಗಮನಿಸಿ. ನೋಡುವುದು ನೀವು, ಉಪಕಾರ ನನಗೆ. ಬರೆದುಕೊಡಿ, ಹೇಳಿಕೊಡಿ, ಮಾಡಿಕೊಡಿ. ಇಂಗ್ಲಿಷಿನಲ್ಲಿ ವಿನಯ ಒಂದು ಬೇರೆ ಪದವಾಗಿ ವಾಕ್ಯದ ತುದಿಗೆ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಕ್ರಿಯಾಪದದ ಒಳಗೇ ಕೂತಿದೆ, ಚೀನೀ ಭಾಷೆಯಲ್ಲಿ ಅದರ ಹಿಂದೆ ಮುಂದೆ ಕೂತಿದೆ. 'ಕುಡ್ ಯು ಪ್ಲೀಸ್ ಹ್ಯಾವ್ ಎ ಲುಕ್' ಎಂಬುದನ್ನು 'ಸ್ವಲ್ಪ ನೋಡಿಕೊಡಿ' ಅಂತ ಮನಸ್ಸಿನಲ್ಲಿ ಒಂದು ಸಲ ಅಂದುಕೊಂಡು ಆಮೇಲೆ ಚೀನೀ ಭಾಷೆಗೆ ಹೋಗುವ ಕನ್ನಡ ವಿದ್ಯಾರ್ಥಿಗಳು ನೇರವಾಗಿ ಇಂಗ್ಲಿಷಿನಿಂದ ಹೋಗುವವರಿಗಿಂತ ಸಹಜವಾಗಿ ಬರೆಯುವುದನ್ನು ನೋಡಿದ್ದೇನೆ. ನೋಡಿದಾಗಲೆಲ್ಲ ಖುಷಿಯಾಗಿದೆ.

ಥ್ಯಾಂಕ್ಯೂಗೆ 'ಶಿಯೆ ಶಿಯೆ' ಇದೆ, ಅಂಗಡಿಯಲ್ಲೂ ಹೋಟೆಲಿನಲ್ಲೂ ಧಾರಾಳವಾಗಿ ನಡೆಯುತ್ತದೆ. ಮನೆಯೊಳಗೆ ಮಾತ್ರ ಅಷ್ಟು ನಡೆಯುವುದಿಲ್ಲ. ಅಮ್ಮ ತಟ್ಟೆ ಮುಂದಿಟ್ಟಾಗ ಮಗ ಗಂಭೀರವಾಗಿ ಶಿಯೆ ಶಿಯೆ ಅಂದರೆ, 'ಜಿಯೆನ್ ವಾಯ್' ಅನ್ನುವ ಆಕ್ಷೇಪ ಬರಬಹುದು. ಹೊರಗಿನವರ ಥರ ಆಡ್ತೀಯಲ್ಲ ಅಂತ ಅದರ ಅರ್ಥ. ಟ್ಯಾಕ್ಸಿ ಚಾಲಕನಿಗೆ, ಪಾರ್ಸೆಲ್ ತಂದವನಿಗೆ, ರಾತ್ರಿ ತನಕ ಕೂತು ಕೆಲಸ ಮುಗಿಸಿದ ಸಹೋದ್ಯೋಗಿಗೆ 'ಶಿನ್ ಖು ಲ' ಅನ್ನುತ್ತಾರೆ. ಕಷ್ಟಪಟ್ಟಿರಿ ಅಂತ. ಯಾರಿಂದಲಾದರೂ ಕೆಲಸ ಮಾಡಿಸಿಕೊಂಡರೆ 'ಮಾ ಫಾನ್ ನಿ ಲ', ನಿಮಗೆ ತೊಂದ್ರೆ ಕೊಟ್ಟೆ. ಇಂಗ್ಲಿಷಿನ ಒಂದು ಥ್ಯಾಂಕ್ಯೂ ಎದುರಾದಾಗ ಅನುವಾದಕ ಇವುಗಳಲ್ಲಿ ಒಂದನ್ನು ಆರಿಸಬೇಕು. ಆರಿಸಲು ದೃಶ್ಯ ಗೊತ್ತಿರಬೇಕು. ಬರೀ ವಾಕ್ಯಗಳ ಪಟ್ಟಿ ಕೊಟ್ಟು ಅನುವಾದಿಸಿ ಅನ್ನುವವರಿಗೆ ನಾನು ಯಾವಾಗಲೂ ಕೇಳುವುದು ಇದನ್ನೇ: ಇದನ್ನು ಹೇಳುತ್ತಿರುವವರು ಯಾರು, ಕೇಳುತ್ತಿರುವವರು ಯಾರು?

ಯಾರು ಅನ್ನುವ ಪ್ರಶ್ನೆಗೆ ಬಂದರೆ 'ಯು' ಮತ್ತು 'ಅಂಕಲ್' ಎರಡೂ ಸಿಕ್ಕಿಹಾಕಿಸುತ್ತವೆ. ಚೀನೀ ಭಾಷೆಯಲ್ಲಿ 'ನಿ' ಅಂದರೆ ನೀನು, ಗೌರವಕ್ಕೆ 'ನಿನ್'. ಉತ್ತರದಲ್ಲಿ ನಿನ್ ಬಳಕೆ ಜಾಸ್ತಿ. ಆದರೆ ದೊಡ್ಡವರನ್ನು ಸರ್ವನಾಮದಿಂದ ಕರೆಯುವುದಕ್ಕಿಂತ ಸಂಬಂಧದಿಂದಲೋ ಹುದ್ದೆಯಿಂದಲೋ ಕರೆಯುವುದೇ ರೂಢಿ. ವಾಂಗ್ ಮೇಷ್ಟ್ರೇ, ಲಿ ಮ್ಯಾನೇಜರ್ರೇ ಅನ್ನುವ ಹಾಗೆ. ಇಂಗ್ಲಿಷ್ ಪತ್ರದಲ್ಲಿ ಬರೀ ಹೆಸರು ಹಿಡಿದು ಕರೆದಿದ್ದನ್ನು ಚೀನೀಗೆ ಹಾಗೇ ಇಳಿಸಿದರೆ ಓದಿದವರಿಗೆ ಕಸಿವಿಸಿ. ಇನ್ನು ಅಂಕಲ್. ಅಪ್ಪನ ಅಣ್ಣ 'ಬೊ ಬೊ', ಅಪ್ಪನ ತಮ್ಮ 'ಷೂ ಷು', ಅಮ್ಮನ ಅಣ್ಣ ಅಥವಾ ತಮ್ಮ 'ಜ್ಯೂ ಜ್ಯು'. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ! ಇಂಗ್ಲಿಷ್ ಕತೆಯೊಂದರಲ್ಲಿ 'ಅಂಕಲ್ ಬಂದ' ಅಂತ ಇದ್ದರೆ, ಆತ ಯಾರ ಕಡೆಯವನು, ಅಪ್ಪನಿಗಿಂತ ದೊಡ್ಡವನೋ ಚಿಕ್ಕವನೋ ಅಂತ ಚೀನೀ ಅನುವಾದಕ ಕತೆಯೆಲ್ಲ ಹುಡುಕಬೇಕು. ಕನ್ನಡ ಅನುವಾದಕನಿಗೂ ಅದೇ ಪಾಡು. ತದ್ವಿರುದ್ಧವಾಗಿ ಚೀನೀ ಕತೆಯೊಂದು ಇಂಗ್ಲಿಷ್ ಮೂಲಕ ಕನ್ನಡಕ್ಕೆ ಬಂದರೆ, ಮೂಲದಲ್ಲಿ ದೊಡ್ಡಪ್ಪನಾಗಿದ್ದವನು ಮಧ್ಯದಲ್ಲಿ ಅಂಕಲ್ ಆಗಿ, ಕನ್ನಡಕ್ಕೆ ಬರುವಾಗ ಯಾರಾಗಬೇಕೋ ತಿಳಿಯದೆ ನಿಲ್ಲುತ್ತಾನೆ. ಎರಡು ತುದಿಯಲ್ಲೂ ಇದ್ದದ್ದು ನಡುವೆ ಕಳೆದುಹೋಗುವುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಚೀನೀ ಭಾಷೆಯಿಂದ ನೇರವಾಗಿ ಕನ್ನಡಕ್ಕೆ ತರುವವರು ಹೆಚ್ಚಬೇಕು ಅನ್ನುವುದಕ್ಕೆ ನನಗೆ ಇದೊಂದೇ ಕಾರಣ ಸಾಕು.

ಹಾಗಂತ ಎಲ್ಲ ಕಡೆ ಹೊಂದುತ್ತದೆ ಅಂದುಕೊಳ್ಳಬೇಡಿ. ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು ನಮಗೆ ಅಣ್ಣ ತಮ್ಮ ಅಕ್ಕ ತಂಗಿಯರೇ. ಚೀನೀಯರಲ್ಲಿ ಅಪ್ಪನ ಅಣ್ಣತಮ್ಮಂದಿರ ಮಕ್ಕಳು 'ಥಾಂಗ್', ಒಂದೇ ಮನೆತನದವರು. ಅಮ್ಮನ ಅಕ್ಕತಂಗಿಯರ ಮಕ್ಕಳು, ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ಎಲ್ಲ 'ಬ್ಯಾವ್'. ಅವರು ಗೆರೆ ಎಳೆದಿರುವ ಜಾಗ ಬೇರೆ.

ಎಸ್, ನೋ ಬಗ್ಗೆ ಹೇಳಲೇಬೇಕು. ಎಲ್ಲ ಪ್ರಶ್ನೆಗೂ ಸಲ್ಲುವ ಒಂದು ಎಸ್, ಒಂದು ನೋ ಚೀನೀ ಭಾಷೆಯಲ್ಲಿ ಇಲ್ಲ. ಯಾವ ಕ್ರಿಯಾಪದದಲ್ಲಿ ಕೇಳಿದರೋ ಅದರಲ್ಲೇ ಉತ್ತರ. ಬರ್ತೀಯಾ? ಬರ್ತೀನಿ. ಇದು ನಮಗೆ ಪಾಠವೇ ಅಲ್ಲ. ಅಪಾಯ ಇರುವುದು ನಿಷೇಧದ ಪ್ರಶ್ನೆಯಲ್ಲಿ. 'ನಾಳೆ ಸರಕು ಹೊರಡಲ್ವಾ?' ಅಂತ ಕೇಳಿದರೆ ಚೀನೀಯವನು 'ದುಯ್' ಅನ್ನುತ್ತಾನೆ. ಹೌದು, ನೀವು ಅಂದದ್ದು ಸರಿ, ಹೊರಡಲ್ಲ ಅಂತ. ನಾವೂ 'ಹೂಂ, ಹೊರಡಲ್ಲ' ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅಲ್ಲಿ ಬರಬೇಕಾದದ್ದು 'ನೋ'. ದುಭಾಷಿ ಆ 'ದುಯ್'ಅನ್ನು 'ಎಸ್' ಅಂದುಬಿಟ್ಟರೆ, ಕೇಳಿದವರು ಸರಕು ಹೊರಡುತ್ತದೆ ಅಂದುಕೊಂಡು ಮನೆಗೆ ಹೋಗುತ್ತಾರೆ. ಇಂಥ ಕಡೆ ಎಸ್ ನೋ ಎರಡನ್ನೂ ಬಿಟ್ಟು ಪೂರ್ತಿ ವಾಕ್ಯ ಹೇಳಿ: ನಾಳೆ ಸರಕು ಹೊರಡುವುದಿಲ್ಲ.

ಈಗ ಸ್ವಲ್ಪ ವ್ಯಾಕರಣ. ನನಗೆ ತುಂಬ ಇಷ್ಟವಾದ ವಿಷಯ ಇದು, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಇಂಗ್ಲಿಷಿನಲ್ಲಿ ಕರ್ಮಣಿ ಪ್ರಯೋಗ ಸಲೀಸು. ಅಡುಗೆ 'ಮಾಡಲ್ಪಟ್ಟಿದೆ', ಕಿಟಕಿ 'ತೆರೆಯಲ್ಪಟ್ಟಿದೆ', ಅವರಿಗೆ ಬಹುಮಾನ 'ಕೊಡಲ್ಪಟ್ಟಿದೆ'. ಕನ್ನಡದಲ್ಲಿ ಹೀಗೆ ಯಾರಾದರೂ ಮಾತಾಡುತ್ತಾರೆಯೇ? ಅಡುಗೆ ಆಯ್ತು, ಕಿಟಕಿ ತೆಗೆದಿದೆ, ಅವರಿಗೆ ಬಹುಮಾನ ಬಂತು. ಚೀನೀ ಭಾಷೆಯಲ್ಲಿ ಕರ್ಮಣಿಗೆ 'ಬೇಯ್' ಎಂಬ ಪದ ಇದೆ. ಕಲಿಯುವವರು ಅದು ಸಿಕ್ಕಿದ ಕೂಡಲೇ ಇಂಗ್ಲಿಷಿನ ಎಲ್ಲ ಕರ್ಮಣಿ ವಾಕ್ಯಕ್ಕೂ ಅಂಟಿಸುತ್ತಾರೆ. ಆದರೆ ಅಲ್ಲಿಯ ಸಹಜ ಮಾತು 'ಫಾನ್ ಜ್ವೊ ಹಾವ್ ಲ'. ಅನ್ನ, ಮಾಡಿ, ಸರಿಯಾಗಿ, ಆಯಿತು. ಬೇಯ್ ಬೇಕಾಗಿಲ್ಲ.

ಹಾಗಾದರೆ ಬೇಯ್ ಎಲ್ಲಿ ಬರುತ್ತದೆ? ಪರ್ಸು ಕಳುವಾದಾಗ, ಬೈಸಿಕೊಂಡಾಗ, ನಾಯಿ ಕಚ್ಚಿದಾಗ, ಕೆಲಸದಿಂದ ತೆಗೆದಾಗ. ಆ ಪದದ ಇತಿಹಾಸ ನೋಡಿ. ಮೊದಲು ಅದಕ್ಕೆ ಹೊದಿಕೆ ಅಂತ ಅರ್ಥ, ಈಗಲೂ ರಜಾಯಿಗೆ 'ಬೇಯ್ ಜ' ಅನ್ನುತ್ತಾರೆ. ಆಮೇಲೆ ಮೈಮೇಲೆ ಬಂದದ್ದನ್ನು ಅನುಭವಿಸು ಅನ್ನುವ ಅರ್ಥ ಬಂತು, ಅದರಿಂದ ಕರ್ಮಣಿಯ ಗುರುತಾಯಿತು. ಈಗ ನಮ್ಮ 'ಅಲ್ಪಡು' ನೋಡಿ. ಅದರೊಳಗಿರುವುದು 'ಪಡು'. ಕಷ್ಟಪಡು, ನೋವುಪಡು, ಪಾಡುಪಡು. ಅನುಭವಿಸು ಅನ್ನುವ ಕ್ರಿಯಾಪದದಿಂದಲೇ ನಾವೂ ಕರ್ಮಣಿ ಕಟ್ಟಿದೆವು. ಒಂದಕ್ಕೊಂದು ನೆಂಟಸ್ತನವೇ ಇಲ್ಲದ ಎರಡು ಭಾಷೆಗಳು ಒಂದೇ ಜಾಗದಿಂದ ಹೊರಟಿವೆ. ಕನ್ನಡದವರು 'ಲ್ಪಟ್ಟಿತು' ಕೇಳಿದಾಗ ಆಗುವ ಇರುಸುಮುರುಸನ್ನೇ ಚೀನೀ ಓದುಗ ಬೇಡದ ಬೇಯ್ ಕಂಡಾಗ ಅನುಭವಿಸುತ್ತಾನೆ.

ಆ ಪದದಲ್ಲಿ ಕಹಿ ಇನ್ನೂ ಉಳಿದಿದೆ ಅನ್ನುವುದಕ್ಕೆ ಒಂದು ಸಾಕ್ಷಿ ಕೊಡುತ್ತೇನೆ. 2009ರಲ್ಲಿ ಚೀನಾದಲ್ಲಿ 'ಬೇಯ್ ಜ್ಯೂ ಯೆ' ಎಂಬ ಮಾತು ಹಬ್ಬಿತು. ಜ್ಯೂ ಯೆ ಅಂದರೆ ಕೆಲಸಕ್ಕೆ ಸೇರುವುದು. ಕೆಲಸ ಸಿಗದ ಪದವೀಧರರನ್ನು ಕೆಲಸ ಸಿಕ್ಕಿದವರ ಲೆಕ್ಕಕ್ಕೆ ಕಾಗದದ ಮೇಲೆ ಸೇರಿಸಿದ್ದರ ಬಗ್ಗೆ ಹುಟ್ಟಿದ ಮಾತು. ನಾನು ಕೆಲಸಕ್ಕೆ ಸೇರಿಲ್ಲ, ನನ್ನನ್ನು 'ಸೇರಿಸಿಬಿಟ್ಟಿದ್ದಾರೆ'. ವ್ಯಾಕರಣದ ಪ್ರಕಾರ ಬೇಯ್ ಅಲ್ಲಿ ಕೂರುವಂತೆಯೇ ಇಲ್ಲ. ಕೂರಿಸಿದ್ದರಿಂದಲೇ ಸಿಟ್ಟು ಕಾಣುತ್ತದೆ. ಆ ವರ್ಷದ ಅಕ್ಷರವಾಗಿ ಚೀನಾದಲ್ಲಿ ಆಯ್ಕೆಯಾದದ್ದು ಬೇಯ್.

ಇಂಗ್ಲಿಷಿನ ನೆರಳು ಚೀನೀ ಗದ್ಯದ ಮೇಲೆ ಬೀಳುತ್ತಿರುವ ಬಗ್ಗೆ ತೈವಾನಿನ ಕವಿ ಯು ಗ್ವಾಂಗ್‌ಜೊಂಗ್ (1928–2017) ಪದೇ ಪದೇ ಬರೆದರು. ಒಂದು ಕ್ರಿಯಾಪದ ಸಾಕಾಗುವಲ್ಲಿ ಅದನ್ನು ನಾಮಪದ ಮಾಡಿ, ಅದಕ್ಕೆ ಇನ್ನೊಂದು ಕ್ರಿಯಾಪದ ಕಟ್ಟುವ ಚಾಳಿ ಅವರಿಗೆ ಹಿಡಿಸುತ್ತಿರಲಿಲ್ಲ. ನಮ್ಮ ಪತ್ರಿಕೆಗಳಲ್ಲಿ 'ಪರಿಶೀಲನೆಯನ್ನು ನಡೆಸಿದರು' ಅನ್ನುವುದನ್ನು ಓದಿದವರಿಗೆ ಅವರ ಸಂಕಟ ಅರ್ಥವಾಗುತ್ತದೆ. ಇದಕ್ಕೂ ಹಿಂದಿನ ಜಗಳ ಇನ್ನೊಂದಿದೆ. 1922ರಲ್ಲಿ ಜಾವ್ ಜಿಂಗ್‌ಷನ್ ಎಂಬ ಅನುವಾದಕರು ರಷ್ಯಾದ ಲೇಖಕ ಚೆಕಾಫನ ಒಂದು ಕತೆಯನ್ನು ಇಂಗ್ಲಿಷಿನಿಂದ ಚೀನೀಗೆ ತಂದರು. ಅದರಲ್ಲಿ ಬಂದ 'ಮಿಲ್ಕಿ ವೇ'ಯನ್ನು ಹಸುವಿನ ಹಾಲಿನ ರಸ್ತೆ ಅಂತ ಅನುವಾದಿಸಿದರು. ಚೀನೀಯರಿಗೆ ಅದು ಆಕಾಶದಲ್ಲಿ ಹರಿಯುವ ಬೆಳ್ಳಿ ಹೊಳೆ, 'ಯಿನ್ ಹ'. ನಮಗೆ ಆಕಾಶಗಂಗೆ ಇದ್ದ ಹಾಗೆ. ಚೀನಾದ ಹೆಸರಾಂತ ಲೇಖಕ ಲು ಶುನ್ ಇದನ್ನು ಹಿಡಿದು ಚೆನ್ನಾಗಿ ಝಾಡಿಸಿದರು. ಸ್ವತಃ ಲು ಶುನ್ ಮೂಲಕ್ಕೆ ಅಂಟಿಕೊಂಡ ಗಟ್ಟಿ ಅನುವಾದದ ಪಕ್ಷದವರು. ಹೊರಗಿನ ವಾಕ್ಯರಚನೆ ಬಂದರೆ ಚೀನೀ ಭಾಷೆಗೆ ಹೊಸ ಕಸುವು ಬರುತ್ತದೆ ಅಂತ ನಂಬಿದ್ದವರು. ಅವರ ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ವಿಚಾರದ ಗದ್ಯಕ್ಕೆ ಅದು ಬೇಕಾಗಬಹುದು. ಆದರೆ ಪಾತ್ರಗಳು ಬಾಯಿ ತೆರೆದು ಮಾತಾಡುವಲ್ಲಿ, ಒಬ್ಬರು ಇನ್ನೊಬ್ಬರನ್ನು ಊಟಕ್ಕೆ ಕರೆಯುವಲ್ಲಿ, ಆ ವಾದ ನಡೆಯುವುದಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹೀಗೆ ಅನುವಾದದ ವಾಸನೆ ಹೊಡೆಯುವ ಮಾತಿಗೆ ಚೀನೀಯರೇ 'ಫಾನ್ ಇ ಛ್ಯಾಂಗ್' ಅಂತ ಹೆಸರಿಟ್ಟಿದ್ದಾರೆ, ಅನುವಾದದ ರಾಗ ಅಂತ. ಹಿಂದೆ ಡಬ್ ಆದ ವಿದೇಶಿ ಸಿನಿಮಾಗಳಲ್ಲಿ ಪಾತ್ರಗಳು 'ಓ ನನ್ನ ಹಳೆಯ ಗೆಳೆಯನೇ', 'ದೇವರ ಮೇಲಾಣೆ, ನಿನ್ನ ಅಂಡಿಗೆ ನನ್ನ ಬೂಟಿನಿಂದ ಒದೆಯುತ್ತೇನೆ' ಅಂತ ಮಾತಾಡುತ್ತಿದ್ದವು. ಇವತ್ತಿನ ಹುಡುಗರು ಆ ಧಾಟಿಯನ್ನು ಅಣಕಿಸಿ ವಿಡಿಯೊ ಮಾಡುತ್ತಾರೆ. ಆ ಕಂಠದಾನ ಕಲಾವಿದರ ದನಿಯನ್ನು ಪ್ರೀತಿಸಿದ ತಲೆಮಾರೂ ಅಲ್ಲಿದೆ. ಹಾಗಾಗಿ ಆ ರಾಗವನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸು ಬಾರದು. ಆದರೆ ಇವತ್ತು 'ಓ ಮೈ ಗಾಡ್' ಅನುವಾದಿಸುವವರು 'ವೊ ದ ಥಿಯೆನ್' ಅಂತ ಬರೆದು ಮುಂದೆ ಹೋಗಬೇಕು. ನನ್ನ ಆಕಾಶವೇ ಅಂತ ಅಕ್ಷರಾರ್ಥ, ಅಯ್ಯೋ ದೇವರೇ ಅಂತ ಭಾವ.

ಅಂಕಿಗಳ ಬಗ್ಗೆ ಬೇಗ ಹೇಳುತ್ತೇನೆ, ಏಕೆಂದರೆ ವ್ಯಾಪಾರಕ್ಕೆ ಹೋಗುವವರು ಇಲ್ಲಿ ಕೆಲವರಿದ್ದೀರಿ. ಚೀನೀ ಲೆಕ್ಕ ನಾಲ್ಕು ಸೊನ್ನೆಗೊಮ್ಮೆ ಮನೆ ಬದಲಿಸುತ್ತದೆ. ಹತ್ತು ಸಾವಿರ ಒಂದು 'ವಾನ್', ಹತ್ತು ಕೋಟಿ ಒಂದು 'ಇ'. ಒಂದು ಲಕ್ಷ ಅಂದರೆ ಹತ್ತು ವಾನ್, ಒಂದು ಮಿಲಿಯನ್ ಅಂದರೆ ನೂರು ವಾನ್, ಒಂದು ಕೋಟಿ ಅಂದರೆ ಸಾವಿರ ವಾನ್. ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ, ಅಂಕಿಯಲ್ಲಿ ಬರೆದು ತೋರಿಸಿ. ರಿಯಾಯಿತಿ ಇನ್ನೂ ಮೋಸದ್ದು. ಶೇ 20 ರಿಯಾಯಿತಿಗೆ ಅವರು 'ಬಾ ಜ' ಅನ್ನುತ್ತಾರೆ. ಬಾ ಅಂದರೆ ಎಂಟು. ಬಿಟ್ಟದ್ದನ್ನು ಲೆಕ್ಕ ಹಾಕುವುದಿಲ್ಲ, ನೀವು ಕೊಡಬೇಕಾದ್ದನ್ನು ಹೇಳುತ್ತಾರೆ: ಹತ್ತರಲ್ಲಿ ಎಂಟು ಪಾಲು. ಫಲಕದಲ್ಲಿ 8 ಕಂಡು ಶೇ 80 ಕಡಿತ ಅಂತ ಖುಷಿಪಟ್ಟವರು ಬಿಲ್ಲು ನೋಡಿ ಬೆಪ್ಪಾಗುತ್ತಾರೆ. ಅನುವಾದಕನೂ ಇಂಗ್ಲಿಷಿನ 20 ಅನ್ನು 20 ಆಗಿಯೇ ಉಳಿಸಿದರೆ ಕೆಲಸ ಕೆಟ್ಟಿತು.

ಕೊನೆಗೆ ಯಂತ್ರದ ಬಿಡಿಭಾಗ ತರಿಸುವ ಒಬ್ಬರು ಒಂದು ಪ್ರಶ್ನೆ ಕೇಳಿದರು. ಚೀನಾದ ಕಡೆಯವರು 'ಕನ್ಸಿಡರ್ ಮಾಡ್ತೀವಿ' ಅಂತ ಇಂಗ್ಲಿಷಿನಲ್ಲಿ ಬರೆದರೆ ನಂಬಬೇಕೋ ಬೇಡವೋ? ನಾವು ಒಲ್ಲೆ ಅನ್ನಬೇಕಾದರೆ ಹೇಗೆ ಹೇಳುವುದು?

ಅವರು ಬರೆಯುವಾಗ ಮನಸ್ಸಿನಲ್ಲಿರುವುದು ಬಹುಶಃ 'ಖಾವ್ ಲ್ಯು ಖಾವ್ ಲ್ಯು' ಅಥವಾ 'ಯೆನ್ ಜ್ಯೂ ಯೆನ್ ಜ್ಯೂ'. ಯೋಚಿಸ್ತೀವಿ, ಪರಿಶೀಲಿಸ್ತೀವಿ. ಹೀಗೆ ಎರಡು ಸಲ ಬಂದ ಕ್ರಿಯಾಪದಕ್ಕೆ ಮಾತಿನಲ್ಲಿ ಗಟ್ಟಿತನ ಕಡಿಮೆ. 'ಜಾಯ್ ಷ್ವೊ ಬಾ' ಅಂದಿದ್ದರಂತೂ ಅದು ನಮ್ಮ 'ನೋಡೋಣ'. ಹುಡುಗಿ ನೋಡಿ ಬಂದ ಮನೆಯವರು 'ನೋಡೋಣ' ಅಂದರೆ ನಾವು ಹೇಗೆ ತಿಳಿಯುತ್ತೇವೋ ಹಾಗೆ. 'ಬು ಥಾಯ್ ಫಾಂಗ್ ಬಿಯೆನ್', ಅಷ್ಟು ಅನುಕೂಲ ಇಲ್ಲ ಅಂದರೆ ಆಗುವುದಿಲ್ಲ ಅಂತಲೇ. ಅದಕ್ಕೆ 'ಯಾವಾಗ ಅನುಕೂಲ' ಅಂತ ಮರುಪ್ರಶ್ನೆ ಹಾಕಿ ಅವರನ್ನು ಇಕ್ಕಟ್ಟಿಗೆ ತರಬೇಡಿ. ಇದನ್ನು ಸುಳ್ಳು ಅಂತ ಅವರು ಎಣಿಸುವುದಿಲ್ಲ, ಎದುರಿನವರ ಮುಖ ಉಳಿಸಿದ್ದು ಅಂತ ಎಣಿಸುತ್ತಾರೆ. ಇಂಥದ್ದನ್ನು ಇಂಗ್ಲಿಷಿಗೆ ತರುವ ದುಭಾಷಿ 'ಅವರಿಗೆ ಕಷ್ಟವಾಗಬಹುದು' ಅಂತ ಒಂದು ಮಾತು ಸೇರಿಸಿ ಹೇಳುವುದು ತಪ್ಪಲ್ಲ ಅಂತ ನಾನು ತಿಳಿದಿದ್ದೇನೆ. ಬರೀ 'ವಿ ವಿಲ್ ಕನ್ಸಿಡರ್' ಅಂದು ಬಿಟ್ಟರೆ ಒಂದು ಕಡೆಯವರು ಫೋನಿಗಾಗಿ ಕಾಯುತ್ತಾ ಕೂರುತ್ತಾರೆ.

ನಾವು ಒಲ್ಲೆ ಅನ್ನಬೇಕಾದಾಗ ಇಂಗ್ಲಿಷಿನ 'ನೋ, ಥ್ಯಾಂಕ್ಯೂ' ಅನ್ನು ಹಾಗೇ ಇಡುವುದು ಬೇಡ. 'ಶ್ಯಾ ಛ ಬಾ' ಅನ್ನಿ. ಇನ್ನೊಂದ್ಸಲ ನೋಡೋಣ ಅಂತ ಅರ್ಥ, ಈ ಸಲ ಬೇಡ ಅನ್ನುವುದು ಅವರಿಗೆ ತಿಳಿಯುತ್ತದೆ. ನಿಮ್ಮ ಮನಸ್ಸಿನಲ್ಲಿ ನಿಜವಾಗಿಯೂ ಇನ್ನೊಂದು ಸಲ ಅಂತ ಇದ್ದರೆ ಜೊತೆಗೆ ತಿಂಗಳು, ತಾರೀಖು, ಎಷ್ಟು ಪೆಟ್ಟಿಗೆ ಬೇಕು ಅಂತಲೂ ಹೇಳಿ. ಆಗ ಅವರು ಬರೆದುಕೊಳ್ಳುತ್ತಾರೆ.